ಹುಬ್ಬೆಯಿಂದ ಸ್ವಾತಿಯವರೆಗೆ: ತೆಂಗಿನ ಸೀಮೆಯಲ್ಲೊಂದು ಕಾಯಿಪಲ್ಯದ ಮಡಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂದೊಡನೆ ಯಾರಿಗಾದರೂ ಮೊದಲು ನೆನಪಾಗುವುದು ತೆಂಗು. ಹುಳಿಯಾರಿನ ನೆರೆಯ ಕೆಂಕೆರೆಯಂಥ ಊರಿಗೆ ಒಮ್ಮೆ ಹೋಗಿ ನೋಡಿ. ಹೆಸರಿನಲ್ಲಿಯೇ ಕೆರೆಯನ್ನು ಇಟ್ಟುಕೊಂಡ ಊರು ಅದು. ಸುತ್ತಲೂ ಸಾಲುಹಿಡಿದು ನಿಂತ ತೆಂಗಿನ ಮರಗಳು. ಮನೆಯ ಅಟ್ಟದ ಮೇಲೆ ಎಂಟು ಹತ್ತು ತಿಂಗಳಿಂದ ಒಣಗುತ್ತ, ಉಂಡೆ ಕೊಬ್ಬರಿಯಾಗಿ ತಿಪಟೂರಿನ ಮಾರುಕಟ್ಟೆಗೆ ಹೋಗುವ ದಿನವನ್ನು ಕಾಯುತ್ತಿರುವ ಕಾಯಿಗಳು. ಇಷ್ಟೆಲ್ಲ ಇದ್ದೂ ಅದೇ ಮನೆಯ ಗೃಹಿಣಿ ಸಂತೆಯ ದಿನ ಚೀಲ ಹಿಡಿದು ಹೊರಟು, ಮೂಲಂಗಿಯನ್ನೂ ಕೊತ್ತಂಬರಿ ಸೊಪ್ಪನ್ನೂ ದುಡ್ಡು ಕೊಟ್ಟು ತರುತ್ತಾರೆ. ತೋಟ ಮನೆಯ ಬೆನ್ನಿಗೇ ಇದೆ. ಆದರೆ ಸಾರಿಗೆ ಹಾಕುವ ಸೊಪ್ಪು ಬರುವುದು ಎಲ್ಲಿಂದಲೋ.

ತೆಂಗು ಕೈಹಿಡಿದಿರುವ ತನಕ ಇದರಲ್ಲಿ ತಪ್ಪೇನೂ ಇಲ್ಲ ಎನ್ನಬಹುದು. ಆದರೆ ಒಂದೇ ಬೆಳೆಯನ್ನು ನಂಬಿದ ಸಂಸಾರ ಒಂದೇ ಕಂಬದ ಮೇಲೆ ನಿಂತ ಚಪ್ಪರದಂತೆ. ೧೯೯೮ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ನುಸಿಪೀಡೆ ಸ್ವಲ್ಪ ಕಾಲದಲ್ಲಿಯೇ ಈ ಸೀಮೆಗೂ ಹಬ್ಬಿತು; ಕಾಯಿ ಸಣ್ಣದಾಯಿತು, ಸಿಪ್ಪೆ ಕಂದುಗಟ್ಟಿ ಸುಲಿಯುವುದೇ ಕಷ್ಟವಾಯಿತು. ಮಳೆ ಕೈಕೊಟ್ಟ ವರ್ಷಗಳಲ್ಲಿ ನೂರಾರು ಅಡಿ ಕೊರೆದ ಕೊಳವೆಬಾವಿಗಳೂ ಬತ್ತಿ, ಮರಗಳೇ ಒಣಗಿದ್ದನ್ನು ಈ ಸೀಮೆಯವರು ಕಂಡಿದ್ದಾರೆ. ೨೦೨೩ರಲ್ಲಿ ರಾಜ್ಯದ ೨೩೬ ತಾಲ್ಲೂಕುಗಳ ಪೈಕಿ ೨೨೩ ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರ ಸಾರಬೇಕಾಯಿತು. ಅಂಥ ವರ್ಷ ತೋಟದ ಆದಾಯವೂ ಇಳಿಯುತ್ತದೆ, ಸಂತೆಯಲ್ಲಿ ತರಕಾರಿಯ ಬೆಲೆಯೂ ಏರುತ್ತದೆ. ಎರಡು ಪೆಟ್ಟೂ ಬೀಳುವುದು ಒಂದೇ ಅಡಿಗೆಮನೆಯ ಮೇಲೆ.

ಊರಿನಲ್ಲಿ ತೋಟವಿಟ್ಟು ಪಟ್ಟಣದಲ್ಲಿ ನೆಲೆಸಿರುವವರು ನಿಮ್ಮಲ್ಲಿ ಅನೇಕರಿರಬಹುದು. ಹಿತ್ತಲಲ್ಲಿ ಹತ್ತಡಿ ನೆಲ ಮಾತ್ರ ಉಳ್ಳವರೂ ಇರಬಹುದು. ಇಬ್ಬರಿಗೂ ನಾನು ಹೇಳಬೇಕೆಂದಿರುವ ಮಾತು ಒಂದೇ. ಈ ಸೀಮೆಯಲ್ಲಿ ಕಾಯಿಪಲ್ಯದ ಮಡಿಗೆ ವರ್ಷದಲ್ಲಿ ಹತ್ತು ವಾರ ಆಕಾಶವೇ ನೀರೆರೆಯುತ್ತದೆ. ಆ ಹತ್ತು ವಾರದ ಕೆಲಸವನ್ನು ಹೊತ್ತಿಗೆ ಸರಿಯಾಗಿ ಮಾಡಿದವರು ಸಂಕ್ರಾಂತಿಯವರೆಗೆ ತಮ್ಮ ನೆಲದ್ದನ್ನೇ ತಿನ್ನಬಹುದು, ಅದೂ ತೆಂಗಿನ ಪಾಲಿನ ನೀರಿಗೆ ಹೆಚ್ಚು ಕೈಹಾಕದೆ.

ನಮ್ಮ ಶರತ್ಕಾಲ

ಪಂಚಾಂಗದ ಪ್ರಕಾರ ಶ್ರಾವಣ ಭಾದ್ರಪದಗಳು ವರ್ಷಋತು. ಆಶ್ವಯುಜ ಕಾರ್ತಿಕಗಳು ಶರದೃತು. ಶರತ್ತೆಂದರೆ ಮೋಡ ಚದರಿ, ಆಕಾಶ ತಿಳಿಯಾಗಿ, ಬೆಳುದಿಂಗಳು ಹಾಲಿನಂತೆ ಸುರಿಯುವ ಕಾಲವೆಂದು ಕಾವ್ಯಗಳಲ್ಲಿ ಓದಿದ್ದೇವೆ. ಕೆಂಕೆರೆಯ ಕಡೆ ಮಾತ್ರ ಲೆಕ್ಕ ಬೇರೆ. ಜೂನ್ ಜುಲೈಯಲ್ಲಿ ಅರಬ್ಬೀ ಸಮುದ್ರದಿಂದ ಬರುವ ಮೋಡಗಳು ತಮ್ಮ ಹೊರೆಯನ್ನೆಲ್ಲ ಪಶ್ಚಿಮ ಘಟ್ಟದ ಮೇಲೆ ಇಳಿಸಿ, ಹಗುರಾಗಿ ನಮ್ಮ ತಲೆಯ ಮೇಲೆ ಹಾದುಹೋಗುತ್ತವೆ. ಗಾಳಿ ಜೋರು, ಮಳೆ ತುಂತುರು. ಆಗಸ್ಟ್ ಕಳೆಯುತ್ತ ಆ ಗಾಳಿ ಸೊರಗಿದಾಗ ಮಧ್ಯಾಹ್ನದ ಬಿಸಿಲಿಗೆ ಮೋಡ ಕಟ್ಟಿ ಗುಡುಗು ಸಿಡಿಲಿನ ಮಳೆ ಬರುತ್ತದೆ. ಅಕ್ಟೋಬರಿನಲ್ಲಿ ಬಂಗಾಳ ಕೊಲ್ಲಿಯ ಕಡೆಯ ಮಳೆಯೂ ಸೇರಿಕೊಳ್ಳುತ್ತದೆ. ಆದ್ದರಿಂದ ನಮ್ಮಲ್ಲಿ ನೆಲ ಚೆನ್ನಾಗಿ ನೆನೆಯುವುದು ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳಲ್ಲಿಯೇ.

ಇದನ್ನು ನಮ್ಮ ಹಿರಿಯರು ನಕ್ಷತ್ರದ ಹೆಸರು ಹಿಡಿದು ಲೆಕ್ಕವಿಡುತ್ತಿದ್ದರು. ಆಗಸ್ಟ್ ಕೊನೆಗೆ ಹುಬ್ಬೆ ಹುಟ್ಟುತ್ತದೆ. ಸೆಪ್ಟೆಂಬರ್ ನಡುವಿನಲ್ಲಿ ಉತ್ತರೆ. ಸೆಪ್ಟೆಂಬರ್ ೨೭ರ ಸುಮಾರಿಗೆ ಹಸ್ತ. ಅಕ್ಟೋಬರ್ ೧೦ರ ಸುಮಾರಿಗೆ ಚಿತ್ತೆ. ೨೪ರ ಸುಮಾರಿಗೆ ಸ್ವಾತಿ. ನವೆಂಬರ್ ಮೊದಲ ವಾರ ಸ್ವಾತಿ ಮುಗಿಯುವುದರೊಳಗೆ ಹತ್ತು ವಾರ ಸಂದಿರುತ್ತವೆ. ಬೇರೆ ಸೀಮೆಯವರು ಬರೆದ ತೋಟಗಾರಿಕೆಯ ಪುಸ್ತಕದಲ್ಲಿ ಯಾವ ತಿಂಗಳು ಏನು ಬಿತ್ತಬೇಕೆಂದು ಬರೆದಿದ್ದರೂ, ಈ ಐದು ಮಳೆಗಳ ಲೆಕ್ಕಕ್ಕೆ ಹೊಂದಿಸಿಕೊಂಡೇ ಅದನ್ನು ಓದಬೇಕು.

ಮಳೆಯ ಬೆಲೆಯನ್ನು ಕೊಡದ ಲೆಕ್ಕದಲ್ಲಿ ಹೇಳುತ್ತೇನೆ. ಹತ್ತಡಿ ಉದ್ದ ಹತ್ತಡಿ ಅಗಲದ ಮಡಿಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ, ಸುಮಾರು ೨೩೫ ಲೀಟರು ನೀರು ಬಿದ್ದಂತಾಯಿತು. ಹದಿನೈದು ಲೀಟರಿನ ಕೊಡದಲ್ಲಿ ಅಳೆದರೆ ಹದಿನೈದು ಹದಿನಾರು ಕೊಡ. ಬೇಸಗೆಯಲ್ಲಿ ಅದೇ ಮಡಿಗೆ ದಿನಕ್ಕೆ ಎರಡು ಮೂರು ಕೊಡವನ್ನಾದರೂ ನೀವೇ ಹೊರಬೇಕು. ಏಪ್ರಿಲಿನಲ್ಲಿ ಬೆನ್ನು ಬಗ್ಗಿಸಿ ಹೊರುವ ನೀರು ಉತ್ತರೆಯಲ್ಲಿ ತಾನಾಗಿ ಬರುವುದಾದರೆ, ತರಕಾರಿ ಬೆಳೆಯಲು ಯಾವ ಕಾಲ ತಕ್ಕದ್ದೆಂದು ಬೇರೆ ಹೇಳಬೇಕಾಗಿಲ್ಲ.

ಮಡಿ ಎಲ್ಲಿರಬೇಕು?

ತೆಂಗಿನ ತೋಟದಲ್ಲಿ ಇನ್ನೊಂದು ಬೆಳೆಗೆ ಜಾಗವಿಲ್ಲವೆಂಬುದು ಬಹು ಜನರ ನಂಬಿಕೆ. ಕಾಸರಗೋಡಿನಲ್ಲಿ ೧೯೧೬ರಲ್ಲಿ ಆರಂಭವಾದ ತೆಂಗಿನ ಸಂಶೋಧನಾ ಕೇಂದ್ರ ೧೯೭೦ರಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾಯಿತು. ಅಲ್ಲಿನವರು ಮರದ ಬೇರುಗಳನ್ನು ಅಗೆದು ಅಳೆದು ನೋಡಿ ಕಂಡುಕೊಂಡದ್ದೇನೆಂದರೆ, ಚೆನ್ನಾಗಿ ಸಾಕಿದ ಮರದ ಬೇರುಗಳಲ್ಲಿ ಬಹುಪಾಲು ಬುಡದಿಂದ ಎರಡು ಮೀಟರಿನ, ಎಂದರೆ ಆರೂವರೆ ಅಡಿಯ, ಒಳಗೇ ಇರುತ್ತವೆ. ಮೂವತ್ತಡಿಗೊಂದು ಮರ ನೆಟ್ಟ ತೋಟದಲ್ಲಿ ಒಂದು ಮರದ ಪಾಲಿಗೆ ೯೦೦ ಚದರಡಿ ನೆಲ ಬರುತ್ತದೆ. ಅದರಲ್ಲಿ ಬೇರಿನ ವೃತ್ತ ಸುಮಾರು ೧೩೩ ಚದರಡಿ. ಉಳಿದ ನೆಲವನ್ನು ಮರ ಅಷ್ಟಾಗಿ ಬಳಸುವುದಿಲ್ಲ.

ಆದ್ದರಿಂದ ಮೊದಲ ನಿಯಮ ಇದು: ಬುಡದಿಂದ ಎಂಟಡಿಯಾದರೂ ಬಿಟ್ಟು ಮಡಿ ಮಾಡಿ. ಪಾತಿಯಲ್ಲಿ ಗೊಬ್ಬರವೂ ನೀರೂ ಇದೆಯಲ್ಲ, ಅಲ್ಲಿಯೇ ನಾಲ್ಕು ಬದನೆ ಸಸಿ ನೆಟ್ಟರಾಯಿತು ಎಂದು ಗುದ್ದಲಿ ಹಾಕಬೇಡಿ. ಅಲ್ಲಿ ಅಗೆದರೆ ಬೇರು ಕಡಿಯುತ್ತದೆ. ಕಡಿದ ಬೇರಿನ ಗಾಯದ ಮೂಲಕ ಅಣಬೆ ರೋಗ ಮರಕ್ಕೆ ಹತ್ತಬಹುದು. ಎರಡು ತಿಂಗಳ ಬದನೆಗಾಗಿ ಐವತ್ತು ವರ್ಷದ ಮರವನ್ನು ಪಣವಿಡಬಾರದು.

ಎರಡನೆಯದು ಬೆಳಕು. ಏಳೆಂಟು ವರ್ಷದವರೆಗಿನ ಎಳೆಯ ತೋಟದಲ್ಲಿ ಸಾಲುಗಳ ನಡುವೆ ಧಾರಾಳವಾಗಿ ಬಿಸಿಲು ಬೀಳುತ್ತದೆ. ಅಲ್ಲಿಂದ ಇಪ್ಪತ್ತೈದು ವರ್ಷದವರೆಗೆ ನೆರಳು ದಟ್ಟ. ಆಮೇಲೆ ಮರ ಎತ್ತರವಾದಂತೆ ಬಿಸಿಲು ಮತ್ತೆ ನೆಲಕ್ಕಿಳಿಯುತ್ತದೆ. ನಡುಹರೆಯದ ತೋಟದಲ್ಲಿ ಟೊಮ್ಯಾಟೊ ಹಾಕಿ ಕಾಯಿ ಬರಲಿಲ್ಲವೆಂದು ಬೀಜವನ್ನು ಬಯ್ಯುವುದು ನ್ಯಾಯವಲ್ಲ. ಅಂಥಲ್ಲಿ ಕೆಸು, ಅರಿಸಿನ, ಶುಂಠಿ, ಸುವರ್ಣಗೆಡ್ಡೆಗಳು ಒಗ್ಗುತ್ತವೆ. ಸೊಪ್ಪುಗಳು ಅರೆನೆರಳನ್ನು ತಕ್ಕಮಟ್ಟಿಗೆ ತಡೆಯುತ್ತವೆ. ಟೊಮ್ಯಾಟೊ, ಬೆಂಡೆ, ಹುರುಳಿಕಾಯಿ, ಮೆಣಸಿನಕಾಯಿಗಳಿಗೆ ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೇಕು.

ಈ ಕಾಲದಲ್ಲಿ ನೆರಳು ನಿಂತಲ್ಲಿ ನಿಲ್ಲುವುದಿಲ್ಲವೆಂಬುದನ್ನೂ ನೀವು ಗಮನಿಸಬೇಕು. ಆಗಸ್ಟ್ ಮೂರನೆಯ ವಾರದಲ್ಲಿ ನಡುಹಗಲ ಸೂರ್ಯ ನಮ್ಮ ನೆತ್ತಿಯ ಮೇಲೆಯೇ ಇರುತ್ತಾನೆ. ಅಲ್ಲಿಂದ ದಿನದಿನಕ್ಕೆ ದಕ್ಷಿಣಕ್ಕೆ ಸರಿಯುತ್ತ ಹೋಗುತ್ತಾನೆ. ಆಗಸ್ಟಿನಲ್ಲಿ ಮಧ್ಯಾಹ್ನ ನೆರಳೇ ಇಲ್ಲದ ಹನ್ನೆರಡಡಿ ಗೋಡೆ, ಡಿಸೆಂಬರ್ ಕೊನೆಯಲ್ಲಿ ಅದೇ ಹೊತ್ತಿಗೆ ಉತ್ತರದ ಕಡೆಗೆ ಒಂಬತ್ತಡಿ ನೆರಳು ಚೆಲ್ಲುತ್ತದೆ. ಐವತ್ತಡಿ ಎತ್ತರದ ತೆಂಗಿನ ನೆರಳು ಮೂವತ್ತೇಳು ಅಡಿಯಷ್ಟು ದೂರ ಹೋಗುತ್ತದೆ. ನಾನು ಮೊದಲ ವರ್ಷ ಇದನ್ನರಿಯದೆ ಹಿತ್ತಲ ಗೋಡೆಯ ಉತ್ತರಕ್ಕೆ ಅಂಟಿಸಿದಂತೆ ಮಡಿ ಮಾಡಿ, ಸೆಪ್ಟೆಂಬರಿನಲ್ಲಿ ಬಿಸಿಲು ಕಂಡು ಹಿಗ್ಗಿದೆ. ದೀಪಾವಳಿ ಕಳೆಯುವುದರೊಳಗೆ ಟೊಮ್ಯಾಟೊ ಗಿಡಗಳು ಬೆಳಕನ್ನು ಹುಡುಕುತ್ತ ಕಡ್ಡಿಯಂತೆ ಉದ್ದವಾಗಿ ಬೆಳೆದು, ಹೂ ಉದುರಿಸಿ ನಿಂತವು. ತಪ್ಪು ಗಿಡದ್ದಲ್ಲ, ಜಾಗದ್ದು. ಮಡಿಯನ್ನು ಗೋಡೆಯ ಅಥವಾ ಮರದ ಸಾಲಿನ ದಕ್ಷಿಣಕ್ಕೆ ಮಾಡಿ. ಉತ್ತರಕ್ಕೇ ಮಾಡಬೇಕಾದರೆ ಹತ್ತಡಿ ದೂರ ಸರಿಸಿ.

ಹುಬ್ಬೆ: ಹಳೆಯದನ್ನು ತೆಗೆಯುವುದು

ಬೇಸಗೆಯ ಕೊನೆಗೆ ಹಾಕಿದ ಬೆಂಡೆ, ಹೀರೆ, ಸೋರೆಗಳು ಈ ಹೊತ್ತಿಗೆ ಮುದಿಯಾಗಿರುತ್ತವೆ. ಇನ್ನೂ ನಾಲ್ಕು ಕಾಯಿ ಬಂದೀತು ಎಂಬ ಆಸೆಯಿಂದ ಅವುಗಳನ್ನು ಬಿಟ್ಟಿರುತ್ತೇವೆ. ಆ ಮುದಿಗಿಡಗಳೇ ಬಿಳಿನೊಣಕ್ಕೂ ಹೇನಿಗೂ ತವರುಮನೆ. ಹಳದಿ ನರ ಕಟ್ಟಿದ ಬೆಂಡೆ, ಎಲೆ ಮುದುಡಿದ ಟೊಮ್ಯಾಟೊ ಗಿಡಗಳನ್ನು ಮೊದಲು ಬೇರುಸಹಿತ ಕಿತ್ತು ದೂರ ಹಾಕಿ. ಈ ಎರಡು ರೋಗಗಳಿಗೂ ಔಷಧವಿಲ್ಲ. ರೋಗವನ್ನು ಗಿಡದಿಂದ ಗಿಡಕ್ಕೆ ಒಯ್ಯುವುದು ಬಿಳಿನೊಣ. ಹಳೆಯ ಮಡಿ ತೆರವಾದ ಮೇಲೆಯೇ ಹೊಸ ಸಸಿಗೆ ಎಡೆ ಕೊಡಬೇಕು.

ಬೀಜಕ್ಕೆಂದು ಒಂದೊಂದು ಒಳ್ಳೆಯ ಕಾಯಿಯನ್ನು ಬಳ್ಳಿಯಲ್ಲಿಯೇ ಬಲಿಯಲು ಬಿಡಿ. ಹೀರೆ, ಸೋರೆಗಳು ಬಳ್ಳಿಯಲ್ಲಿ ಒಣಗಿ, ಅಲ್ಲಾಡಿಸಿದರೆ ಒಳಗೆ ಬೀಜ ಸದ್ದುಮಾಡಬೇಕು. ಆದರೆ ಪೊಟ್ಟಣದ ಮೇಲೆ ಹೈಬ್ರಿಡ್ ಎಂದು ಬರೆದ ಬೀಜದಿಂದ ಬೆಳೆದ ಗಿಡದ ಬೀಜವನ್ನು ಕೂಡಿಡಬೇಡಿ. ಮುಂದಿನ ಪೀಳಿಗೆ ತಾಯಿಯಂತೆ ಇರುವುದಿಲ್ಲ.

ಮಳೆ ಬಲಿಯುವ ಮುನ್ನ ಮಡಿಯನ್ನು ಆರಂಗುಲ ಎತ್ತರಿಸಿ, ನಾಲ್ಕಡಿಗಿಂತ ಹೆಚ್ಚು ಅಗಲ ಮಾಡದೆ, ಎರಡು ಮಡಿಗಳ ನಡುವೆ ಒಂದಡಿಯ ಕಾಲುವೆ ಬಿಡಿ. ನಾಲ್ಕಡಿಯಾದರೆ ಎರಡು ಕಡೆಯಿಂದಲೂ ಕೈ ನಡುವಿನವರೆಗೆ ಎಟಕುತ್ತದೆ, ಮಡಿಯನ್ನು ತುಳಿಯಬೇಕಾಗಿಲ್ಲ. ಬೇಸಗೆಯಲ್ಲಿ ನೀರು ನಿಲ್ಲಲೆಂದು ತಗ್ಗು ಪಾತಿ ಮಾಡಿದ್ದೆವು. ಈಗ ಹೆಚ್ಚಾದ ನೀರು ಹರಿದುಹೋಗಲೆಂದು ಎತ್ತರದ ಮಡಿ. ಕಾಲುವೆಯ ನೀರು ಬೀದಿಗೆ ಹೋಗುವುದು ಬೇಡ. ತೋಟದಲ್ಲಾದರೆ ತೆಂಗಿನ ಸಾಲಿನ ಕಡೆಗೆ, ಹಿತ್ತಲಲ್ಲಾದರೆ ಬಾಳೆಯ ಬುಡಕ್ಕೆ ತಿರುಗಿಸಿ.

ಗೊಬ್ಬರದ ವಿಷಯದಲ್ಲಿ ತೆಂಗಿನ ಸೀಮೆಯವರು ಒಂದು ಎಚ್ಚರ ವಹಿಸಬೇಕು. ತಿಪ್ಪೆಯನ್ನು ತಿಂಗಳುಗಟ್ಟಲೆ ಕೆದಕದೆ ಬಿಟ್ಟರೆ ಅದರಲ್ಲಿ ಹೆಬ್ಬೆರಳು ಗಾತ್ರದ, ಬಾಗಿದ ಬಿಳಿಯ ಹುಳುಗಳು ಕೊಬ್ಬುತ್ತವೆ. ಅವು ಸುಳಿ ಕೊರೆಯುವ ಕುರುವಾಯಿ ದುಂಬಿಯ ಮರಿಗಳು. ದುಂಬಿ ಮರದ ಸುಳಿಯನ್ನು ಕೊರೆದರೆ, ಆಮೇಲೆ ಬಿಚ್ಚಿಕೊಂಡ ಗರಿ ಕತ್ತರಿಯಿಂದ ಕತ್ತರಿಸಿದ ಬೀಸಣಿಗೆಯಂತೆ ಕಾಣುತ್ತದೆ. ತರಕಾರಿಗೆಂದು ಗೊಬ್ಬರ ತುಂಬುವ ದಿನ ತಿಪ್ಪೆಯನ್ನು ತಳದವರೆಗೂ ಮಗುಚಿ, ಹುಳುಗಳನ್ನು ಆರಿಸಿ ಕೋಳಿಗೆ ಹಾಕಿ. ಒಂದೇ ಕೆಲಸದಿಂದ ಮಡಿಗೂ ಮರಕ್ಕೂ ಉಪಕಾರ. ಮಡಿಗೆ ಬಳಸುವ ಗೊಬ್ಬರ ಚೆನ್ನಾಗಿ ಕಳಿತು, ಮುಟ್ಟಿದರೆ ತಣ್ಣಗಿರಬೇಕು. ಹಸಿ ಗೊಬ್ಬರ ಹಾಕಿದ ಮಡಿಯಲ್ಲಿ ಮೂಲಂಗಿ ಕವಲೊಡೆಯುತ್ತದೆ.

ಉತ್ತರೆ: ಒಟ್ಲು

ಉತ್ತರೆಯಲ್ಲಿ ಮಾಡಬೇಕಾದ ಮುಖ್ಯ ಕೆಲಸ ಒಟ್ಲು ಹಾಕುವುದು. ಟೊಮ್ಯಾಟೊ, ನವಿಲುಕೋಸು, ಎಲೆಕೋಸುಗಳ ಸಸಿ ನಾಲ್ಕು ವಾರಕ್ಕೆ ನಾಟಿಗೆ ಬರುತ್ತದೆ. ಬದನೆಗೆ ಐದು ವಾರ, ಮೆಣಸಿನ ಸಸಿಗೆ ಆರು ವಾರವಾದರೂ ಬೇಕು. ಇವೆರಡನ್ನು ಹುಬ್ಬೆಯಲ್ಲಿಯೇ ಚೆಲ್ಲಿದವರು ಜಾಣರು. ಹೀಗೆ ಬಿತ್ತಿದರೆ ಎಲ್ಲ ಸಸಿಗಳೂ ಚಿತ್ತೆಯ ಹೊತ್ತಿಗೆ ನಾಟಿಗೆ ಸಿದ್ಧವಾಗುತ್ತವೆ. ಬೇರೂರುವ ಕಾಲಕ್ಕೆ ಮಳೆ ಇರುತ್ತದೆ, ಹೂ ಬಿಡುವ ಕಾಲಕ್ಕೆ ಮಳೆ ನಿಂತಿರುತ್ತದೆ. ಹೂವಿನ ಮೇಲೆ ಜಡಿಮಳೆ ಬಿದ್ದರೆ ಕಾಯಿ ಕಚ್ಚುವುದಿಲ್ಲವಾದ್ದರಿಂದ ಈ ಲೆಕ್ಕ ಮುಖ್ಯ.

ಒಟ್ಲಿನಲ್ಲಿ ಬೀಜವನ್ನು ದಟ್ಟವಾಗಿ ಚೆಲ್ಲಬೇಡಿ. ಮೂರಂಗುಲಕ್ಕೊಂದು ಗೆರೆ ಎಳೆದು ತೆಳುವಾಗಿ ಉದುರಿಸಿ, ಮರಳು ಬೆರೆಸಿದ ಪುಡಿಗೊಬ್ಬರ ಮುಚ್ಚಿ. ಬಿರುಸಿನ ಹನಿಯಿಂದ ಕಾಪಾಡಲು ಗೇಣೆತ್ತರದಲ್ಲಿ ತೆಂಗಿನ ಗರಿಯ ಮರೆ ಕಟ್ಟಿ. ಆದರೆ ಮಳೆ ಬಿಟ್ಟೊಡನೆ ಮರೆಯನ್ನು ತೆಗೆಯಿರಿ. ಗಾಳಿ ಬೆಳಕಿಲ್ಲದೆ ಒದ್ದೆಯಾಗಿರುವ ಒಟ್ಲಿನಲ್ಲಿ ಎಳೆಯ ಸಸಿಗಳು ಬುಡ ಕೊಳೆತು ಒಂದೇ ರಾತ್ರಿಯಲ್ಲಿ ಮಲಗಿಬಿಡುತ್ತವೆ. ಇದನ್ನು ಕಂಡವರು ಇನ್ನಷ್ಟು ನೀರು ಹಾಕುವುದುಂಟು. ಅದೇ ಕೊನೆಯ ಪೆಟ್ಟು.

ಈ ಹೊತ್ತಿಗೆ ಎರಡು ಕಾವಲುಗಾರರನ್ನೂ ಸಿದ್ಧಮಾಡಿಕೊಳ್ಳಿ. ಹೆಸರಘಟ್ಟದಲ್ಲಿ ೧೯೬೭ರಲ್ಲಿ ಸ್ಥಾಪಿತವಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಕಂಡುಹಿಡಿದ ಸುಲಭೋಪಾಯಗಳು ಇವು. ಟೊಮ್ಯಾಟೊ ಸಾಲುಗಳ ನಡುವೆ ಚೆಂಡು ಹೂವಿನ ಸಾಲೊಂದನ್ನು ನೆಟ್ಟರೆ, ಕಾಯಿ ಕೊರೆಯುವ ಹುಳುವಿನ ಪತಂಗ ಹೂವಿಗೆ ಮರುಳಾಗಿ ಅಲ್ಲಿಯೇ ಮೊಟ್ಟೆಯಿಡುತ್ತದೆ. ಆದರೆ ಎರಡೂ ಒಟ್ಟಿಗೆ ಹೂ ಬಿಡಬೇಕು. ಅದಕ್ಕಾಗಿ ೨೫ ದಿನದ ಟೊಮ್ಯಾಟೊ ಸಸಿಯ ಜೊತೆಗೆ ೪೫ ದಿನದ ಚೆಂಡು ಹೂವಿನ ಸಸಿ ನೆಡಬೇಕು. ಹಾಗೆಯೇ ಎಲೆಕೋಸು ನೆಡುವ ಹದಿನೈದು ದಿನ ಮೊದಲು ಮಡಿಯಂಚಿಗೆ ಸಾಸಿವೆ ಎರಚಿದರೆ ಕೋಸಿನ ಪತಂಗ ಸಾಸಿವೆಗೆ ಹೋಗುತ್ತದೆ. ಅದೇ ಸಂಸ್ಥೆಯ ಅರ್ಕಾ ಅನಾಮಿಕ ಬೆಂಡೆ, ಅರ್ಕಾ ರಕ್ಷಕ್ ಟೊಮ್ಯಾಟೊ ತಳಿಗಳು ರೋಗ ತಡೆಯುವುದರಲ್ಲಿ ಹೆಸರಾದವು. ತಿಪಟೂರಿನ ಬಳಿ ಕೊನೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ; ಆ ಕಡೆ ಹೋದಾಗ ನಿಮ್ಮ ನೆಲಕ್ಕೆ ಒಗ್ಗುವ ತಳಿ ಯಾವುದೆಂದು ವಿಚಾರಿಸಬಹುದು.

ಹಸ್ತ, ಚಿತ್ತೆ: ಬಿತ್ತನೆ, ನಾಟಿ

ಮೂಲಂಗಿ, ಕ್ಯಾರೆಟ್ಟು, ಬೀಟ್‌ರೂಟು, ಹುರುಳಿಕಾಯಿ, ಸೊಪ್ಪುಗಳನ್ನು ನೇರವಾಗಿ ಮಡಿಯಲ್ಲಿಯೇ ಬಿತ್ತಬೇಕು. ಮಳೆ ಬಂದ ಮರುದಿನವೇ ಕೆಸರಿಗೆ ಇಳಿಯಬೇಡಿ. ಒಂದು ಹಿಡಿ ಮಣ್ಣನ್ನು ಉಂಡೆ ಕಟ್ಟಿ ಸೊಂಟದೆತ್ತರದಿಂದ ಬಿಡಿ: ಉಂಡೆ ಚಪ್ಪಟೆಯಾಗಿ ಕೂತರೆ ಇನ್ನೂ ಒಂದು ದಿನ ತಾಳಿ, ಪುಡಿಯಾಗಿ ಒಡೆದರೆ ಹದ ಬಂದಿದೆ. ಕೆಮ್ಮಣ್ಣು ಮಳೆ ಹೊಡೆದು ಒಣಗಿದಾಗ ಮೇಲೆ ಹೆಪ್ಪುಗಟ್ಟುತ್ತದೆ. ಮೊಳಕೆ ಆ ಹೆಪ್ಪನ್ನು ಎತ್ತಲಾರದೆ ಒಳಗೇ ಸಾಯುತ್ತದೆ. ಗೆರೆಯ ಮೇಲೆ ಮಣ್ಣಿನ ಬದಲು ಪುಡಿಗೊಬ್ಬರ ಮುಚ್ಚುವುದೇ ಇದಕ್ಕೆ ಪರಿಹಾರ.

ಸೊಪ್ಪಿನ ವಿಷಯದಲ್ಲಿ ಗೃಹಿಣಿಯರಿಗೊಂದು ಕಿವಿಮಾತು. ಮೆಂತ್ಯ ನಾಲ್ಕು ದಿನಕ್ಕೆ ಮೊಳೆತು ತಿಂಗಳೊಳಗೆ ಕೊಯ್ಲಿಗೆ ಬರುತ್ತದೆ. ಇಡೀ ಮಡಿಗೆ ಒಂದೇ ದಿನ ಚೆಲ್ಲಿದರೆ ಒಂದೇ ವಾರ ಮೆಂತ್ಯದ ಜಾತ್ರೆ, ಆಮೇಲೆ ಮೂರು ವಾರ ಉಪವಾಸ. ಮಡಿಯನ್ನು ನಾಲ್ಕು ಭಾಗ ಮಾಡಿ ವಾರಕ್ಕೊಂದು ಭಾಗದಲ್ಲಿ ಬಿತ್ತಿ. ಕೊತ್ತಂಬರಿ ಬೀಜವನ್ನು ಹಾಗೆಯೇ ಹಾಕದೆ, ಮೃದುವಾಗಿ ಉಜ್ಜಿ ಎರಡು ಹೋಳು ಮಾಡಿ. ಪ್ರತಿ ಹೋಳಿನಲ್ಲಿಯೂ ಒಂದು ಬೀಜವಿರುತ್ತದೆ. ಅದು ಮೊಳೆಯಲು ಎಂಟರಿಂದ ಹದಿನೈದು ದಿನ ಬೇಕು. ಐದನೆಯ ದಿನವೇ ಬೀಜ ಕೆಟ್ಟದ್ದೆಂದು ಮಡಿಯನ್ನು ಕೆದಕಿದರೆ ಕೆಟ್ಟದ್ದು ನಮ್ಮ ತಾಳ್ಮೆ.

ಸಸಿ ನಾಟಿಯನ್ನು ಸಂಜೆ ಮಾಡಿ. ಹುಳು ಕಂಡೊಡನೆ ವಿಷದ ಡಬ್ಬಿಗೆ ಕೈಹಾಕಬೇಡಿ. ನಾಳೆ ನಿಮ್ಮ ಮಗುವಿನ ತಟ್ಟೆಗೆ ಬರುವ ಸೊಪ್ಪು ಅದು. ಬೇವಿನ ಬೀಜದ ತಿರುಳು ಐವತ್ತು ಗ್ರಾಂ ಜಜ್ಜಿ, ಬಟ್ಟೆಯಲ್ಲಿ ಕಟ್ಟಿ, ಒಂದು ಲೀಟರು ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬೆಳಗ್ಗೆ ಹಿಂಡಿ ಸೋಸಿ, ಚೂರು ಸಾಬೂನು ಕದಡಿ ಸಂಜೆಯ ಹೊತ್ತು ಸಿಂಪಡಿಸಿದರೆ ಮನೆಯ ಮಡಿಗೆ ಬಹುಮಟ್ಟಿಗೆ ಸಾಕಾಗುತ್ತದೆ. ಸಿಂಪಡಿಸುವ ಮುನ್ನ ಬಾನುಲಿಯಲ್ಲಿ ಹವಾಮಾನ ವರದಿ ಕೇಳಿ. ರಾತ್ರಿ ಮಳೆ ಬಂದರೆ ಕಷಾಯವೆಲ್ಲ ಕಾಲುವೆಯ ಪಾಲು.

ಅವರೆಯ ಗಡಿಯಾರ

ಈ ಕಾಲದ ಬದಲಾವಣೆಯನ್ನು ನಮಗಿಂತ ಚೆನ್ನಾಗಿ ಅರಿತದ್ದು ಅವರೆ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿಯೋ ಹಿತ್ತಲ ಚಪ್ಪರದ ಬುಡದಲ್ಲಿಯೋ ಜುಲೈ ಆಗಸ್ಟಿನಲ್ಲಿ ಹಾಕಿದ ನಾಟಿ ಅವರೆ, ಬಳ್ಳಿ ಎಷ್ಟು ಹಬ್ಬಿದರೂ ಸೆಪ್ಟೆಂಬರಿನಲ್ಲಿ ಹೂ ಬಿಡುವುದಿಲ್ಲ. ಗೊಬ್ಬರ ಹಾಕಿದರೂ ಇಲ್ಲ, ನೀರು ಹಾಕಿದರೂ ಇಲ್ಲ. ಏಕೆಂದರೆ ಅದು ಹಗಲಿನ ಉದ್ದವನ್ನು ಅಳೆಯುತ್ತಿರುತ್ತದೆ. ಜೂನಿನಲ್ಲಿ ಸುಮಾರು ಹದಿಮೂರು ಗಂಟೆಯಿದ್ದ ಹಗಲು ಸೆಪ್ಟೆಂಬರ್ ೨೩ರ ಸುಮಾರಿಗೆ ಇರುಳಿಗೆ ಸಮನಾಗಿ, ಡಿಸೆಂಬರಿಗೆ ಹನ್ನೊಂದೂವರೆ ಗಂಟೆಗೂ ಕಡಿಮೆಯಾಗುತ್ತದೆ. ಹಗಲು ಕುಗ್ಗಿ ಇರುಳು ಬೆಳೆದಾಗಲೇ ಅವರೆ ಹೂವಿಗೆ ಮನಸ್ಸು ಮಾಡುವುದು. ಸಂಕ್ರಾಂತಿಯ ಸುಮಾರಿಗೆ ಬೀದಿಯೆಲ್ಲ ಅವರೆಯ ಸೊಗಡು ತುಂಬುವುದರ ಗುಟ್ಟು ಇದೇ.

ಈ ಗುಟ್ಟನ್ನರಿತ ವಿಜ್ಞಾನಿಗಳು ಹಗಲಿನ ಉದ್ದಕ್ಕೆ ಸೊಪ್ಪುಹಾಕದ ಅವರೆಯನ್ನೂ ಬೆಳೆಸಿದ್ದಾರೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಹೆಬ್ಬಾಳ ಅವರೆ ೩ ಮತ್ತು ೪ ಅಂಥವು. ಗಿಡ್ಡ ಗಿಡ, ಚಪ್ಪರ ಬೇಡ, ಯಾವ ಕಾಲದಲ್ಲಿ ಬಿತ್ತಿದರೂ ಕಾಯಿ. ನಾಟಿ ಅವರೆಯನ್ನು ಹಾಕಲು ಮರೆತವರು ಹಸ್ತದಲ್ಲಿ ಇದನ್ನು ಬಿತ್ತಿ ಸಮಾಧಾನಪಡಬಹುದು. ಆದರೆ ಜಾಗವಿದ್ದರೆ ಒಂದು ಬಳ್ಳಿ ನಾಟಿಯದೂ ಇರಲಿ. ಸೊಗಡಿನ ಮಾತು ಬಂದಾಗ ಹಳಬರು ಅದನ್ನೇ ಕೇಳುತ್ತಾರೆ.

ಸ್ವಾತಿ: ಹಸಿಯನ್ನು ಕಟ್ಟಿಡುವುದು

ಸ್ವಾತಿಯ ಮಳೆ ಹೋದರೆ ಆಮೇಲೆ ಆಕಾಶದ ನೀರನ್ನು ನಂಬುವಂತಿಲ್ಲ. ನೆಲದಲ್ಲಿರುವ ಹಸಿಯೇ ಆಸ್ತಿ. ಕೊನೆಯ ಮಳೆಯ ಹದದಲ್ಲಿ ಮಡಿಯ ಮೇಲ್ಮಣ್ಣನ್ನು ಕಳೆಕೊಡ್ಲಿನಿಂದ ತೆಳುವಾಗಿ ಕೆದಕಿ ಹೆಪ್ಪು ಒಡೆಯಿರಿ. ಕೂಡಲೇ ಗಿಡಗಳ ನಡುವೆ ಕತ್ತರಿಸಿದ ತೆಂಗಿನ ಗರಿ, ಒಣ ಎಲೆ, ಕಳೆಕಸವನ್ನು ಎರಡಂಗುಲ ದಪ್ಪ ಹೊದಿಸಿ. ನಮ್ಮ ಸೀಮೆಯಲ್ಲಿ ಬೆಲೆಯಿಲ್ಲದೆ ಬಿದ್ದಿರುವ ತೆಂಗಿನ ಸಿಪ್ಪೆ ತನ್ನ ತೂಕದ ಹಲವು ಪಟ್ಟು ನೀರನ್ನು ಹೀರಿ ಹಿಡಿದಿಡುತ್ತದೆ. ಮಡಿಗಳ ನಡುವಿನ ಕಾಲುವೆಯಲ್ಲಿ ಸಿಪ್ಪೆಯ ಒಳಮೈ ಮೇಲಕ್ಕಿರುವಂತೆ ಜೋಡಿಸಿ ಮಣ್ಣೆಳೆದರೆ, ಮಳೆಗಾಲದ ಕಾಲುವೆಯೇ ಚಳಿಗಾಲದ ನೀರಿನ ಉಗ್ರಾಣವಾಗುತ್ತದೆ. ಒಲೆಗೆ ಹೋಗುವ ಸಿಪ್ಪೆಯಲ್ಲಿ ಒಂದಿಷ್ಟನ್ನು ಮಡಿಗೆ ಬಿಟ್ಟುಕೊಡಿ.

ಮಳೆ ನಿಂತು ಇಬ್ಬನಿ ಬೀಳತೊಡಗಿದಾಗ ಸೋರೆ, ಕುಂಬಳ, ಬೆಂಡ���ಗಳ ಎಲೆಯ ಮೇಲೆ ಬೂದಿ ಎರಚಿದಂತೆ ಬಿಳಿಯ ರೋಗ ಕಾಣುತ್ತದೆ. ಮೊದಲು ಕಂಡ ಎಲೆಗಳನ್ನು ಕಿತ್ತುಹಾಕಿ, ಗಿಡಗಳ ನಡುವೆ ಗಾಳಿಯಾಡುವಂತೆ ಬಿಡಿಸಿ. ಈಗ ನೀರನ್ನು ಎಲೆಯ ಮೇಲೆ ಚಿಮುಕಿಸದೆ, ಬೆಳಗಿನ ಹೊತ್ತು ಬುಡಕ್ಕೆ ಮಾತ್ರ ಕೊಡಿ. ಪಾತ್ರೆ ತೊಳೆದ ನೀರು, ತರಕಾರಿ ತೊಳೆದ ನೀರು ಇವೇ ಒಂದು ಚಿಕ್ಕ ಮಡಿಗೆ ಆದೀತು. ಸಾಬೂನು ಹೆಚ್ಚಿರುವ ನೀರನ್ನು ಮಾತ್ರ ಬಾಳೆಗೆ ಬಿಡಿ.

ನೆಲವಿಲ್ಲದವರ ಮಾತು

ಇದೆಲ್ಲ ತೋಟವಿದ್ದವರಿಗಾಯಿತು, ಅಂಗಳವೂ ಇಲ್ಲದ ನಾವೇನು ಮಾಡಬೇಕೆಂದು ಕೇಳುವವರಿದ್ದಾರೆ. ಇಂಗ್ಲೆಂಡಿನ ಪಟ್ಟಣಗಳಲ್ಲಿ ಇಂಥವರಿಗೆಂದೇ ಸ್ಥಳೀಯ ಆಡಳಿತದವರು ಊರಂಚಿನ ನೆಲವನ್ನು ತುಂಡುಮಾಡಿ ಬಾಡಿಗೆಗೆ ಕೊಡುವ ಪದ್ಧತಿಯಿದೆ. ಒಂದು ತುಂಡು ಹಳೆಯ ಅಳತೆಯಂತೆ ಸುಮಾರು ೨೭೦೦ ಚದರಡಿ. ಎರಡನೆಯ ಮಹಾಯುದ್ಧದಲ್ಲಿ ಹಡಗುಗಳಿಗೆ ಅಪಾಯ ಬಂದು ಆಹಾರದ ಆಮದು ಕುಗ್ಗಿದಾಗ, ಅಂಥ ತುಂಡುಗಳೇ ಮನೆಮನೆಗೆ ತರಕಾರಿ ಒದಗಿಸಿದವು. ಅಲ್ಲಿಯ ಬಾನುಲಿಯಲ್ಲಿ ೧೯೩೧ರಿಂದ ತೋಟದ ಮಾತನಾಡುತ್ತಿದ್ದ ಮಿಡಲ್‌ಟನ್ ಎಂಬುವರ ಭಾಷಣವನ್ನು ಭಾನುವಾರ ಮಧ್ಯಾಹ್ನ ಲಕ್ಷಾಂತರ ಜನ ಕೇಳುತ್ತಿದ್ದರು. ನಮ್ಮಲ್ಲಿಯೂ ೧೯೬೫ರಲ್ಲಿ ಆಹಾರದ ಕೊರತೆಯ ಕಾಲಕ್ಕೆ ಪ್ರಧಾನಿ ಲಾಲ್ ಬಹಾದುರ್ ಶಾಸ್ತ್ರಿಯವರು ದೆಹಲಿಯ ತಮ್ಮ ನಿವಾಸದ ಹುಲ್ಲುಹಾಸನ್ನೇ ಉತ್ತು ಬೆಳೆಯಿಟ್ಟು, ಇದ್ದ ನೆಲದಲ್ಲಿ ಬೆಳೆಯಿರೆಂದು ಜನರಿಗೆ ತೋರಿಸಿದರು.

ನಮ್ಮ ಪಟ್ಟಣಗಳಲ್ಲಿ ಬಾಡಿಗೆಯ ತುಂಡು ಸಿಕ್ಕದಿರಬಹುದು. ಆದರೆ ಊರಿನಲ್ಲಿ ತೆಂಗಿನ ಸಾಲುಗಳ ನಡುವೆ ಬರಿದೇ ಬಿದ್ದಿರುವ ನೆಲ, ಅಣ್ಣತಮ್ಮಂದಿರದೋ ಸೋದರಮಾವನದೋ, ನಿಮ್ಮ ಬಳಗದಲ್ಲಿ ಯಾರಿಗಾದರೂ ಇದ್ದೀತು. ತಿಂಗಳಿಗೆರಡು ಬಾರಿ ಹೋಗಿ ನೋಡುವವರಾದರೆ ಸಿಹಿಕುಂಬಳ, ಅಲಸಂದೆ, ಸುವರ್ಣಗೆಡ್ಡೆಯಂಥ ಹೆಚ್ಚು ಆರೈಕೆ ಕೇಳದವುಗಳನ್ನು ಅಲ್ಲಿ ಹಾಕಿ, ಬಂದದ್ದರಲ್ಲಿ ಅವರಿಗೂ ಪಾಲು ಕೊಡಿ. ಅದೂ ಆಗದವರು ಬಿಸಿಲು ಬೀಳುವ ತಾರಸಿಯ ಮೇಲೆ ಕುಂಡವಿಡಬಹುದು. ಮಣ್ಣು, ಕಳಿತ ಗೊಬ್ಬರ, ಚೆನ್ನಾಗಿ ತೊಳೆದು ಕೊಳೆಸಿದ ತೆಂಗಿನ ನಾರಿನ ಪುಡಿ ಇವನ್ನು ಸಮಭಾಗ ಸೇರಿಸಿದರೆ ಕುಂಡ ಹಗುರ, ನೀರೂ ಬೇಗ ಆರುವುದಿಲ್ಲ. ಆರಂಗುಲ ಆಳದ ತಟ್ಟೆಯಲ್ಲಿ ಮೆಂತ್ಯ ಕೊತ್ತಂಬರಿ, ಒಂದಡಿ ಆಳದ ಕುಂಡದಲ್ಲಿ ಬದನೆ ಮೆಣಸಿನ ಗಿಡ ಸುಖವಾಗಿ ಬೆಳೆಯುತ್ತವೆ.

ಹಿತ್ತಲ ಗಿಡ ಮದ್ದಲ್ಲವೆಂಬ ಮಾತನ್ನು ನಾವೆಲ್ಲ ಕೇಳಿ ಬೆಳೆದವರು. ಮದ್ದಾಗದಿದ್ದರೆ ಬೇಡ, ಊಟವಂತೂ ಆಗುತ್ತದೆ. ಹತ್ತಡಿಯ ಮಡಿ ಒಂದು ಸಂಸಾರವನ್ನು ಪೂರಾ ಸಾಕೀತೆಂದು ನಾನು ಹೇಳುವುದಿಲ್ಲ. ಅಕ್ಕಿ ರಾಗಿ ಅಂಗಡಿಯಿಂದಲೇ ಬರಬೇಕು. ಆದರೆ ಕೊಬ್ಬರಿಯ ದರ ಕುಸಿದ ವರ್ಷ, ಸಂತೆಯಲ್ಲಿ ಸೊಪ್ಪಿನ ಕಟ್ಟು ಕೈಗೆಟುಕದ ವಾರ, ಹಿತ್ತಲಿಗೆ ಹೋಗಿ ಒಂದು ಹಿಡಿ ದಂಟು ಕಿತ್ತು ತರಬಲ್ಲ ಮನೆಗೂ ತರಲಾರದ ಮನೆಗೂ ವ್ಯತ್ಯಾಸವಿದೆ. ಆ ವ್ಯತ್ಯಾಸ ನಿಶ್ಚಯವಾಗುವುದು ಬೇಸಗೆಯಲ್ಲಲ್ಲ, ಈ ಹತ್ತು ವಾರಗಳಲ್ಲಿ.

ಹುಬ್ಬೆ ಹುಟ್ಟುವ ದಿನವನ್ನು ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿಕೊಳ್ಳಿ. ಆ ವಾರ ಒಂದು ಸಂಜೆ ಗುದ್ದಲಿ ಹಿಡಿದು ಹಿತ್ತಲಿಗೆ ಹೋಗಿ, ಬಿಸಿಲು ಎಲ್ಲಿ ಬೀಳುತ್ತದೆ, ನೀರು ಎತ್ತ ಹರಿಯುತ್ತದೆ ಎಂಬುದನ್ನು ನೋಡಿ ಬನ್ನಿ. ಅಷ್ಟಾದರೆ ಕೆಲಸ ಆರಂಭವಾದಂತೆಯೇ.